ಠ ಒಳಗಿನ ಚುಕ್ಕೆ ಉಳಿಯಬೇಕು: ಒಂದು ಎಬೊನೈಟ್ ಪೆನ್ನಿನ ವಿಮರ್ಶೆ

ಈ ಪೆನ್ನಿನ ಮೇಲೆ ಹೆಸರಿಲ್ಲ. ಕ್ಲಿಪ್ ಇಲ್ಲ, ಹೊಳೆಯುವ ಪಟ್ಟಿ ಇಲ್ಲ, ಚೆಂದದ ಡಬ್ಬಿಯೂ ಇಲ್ಲ. ಕಂದು ಬಣ್ಣದ ಎಬೊನೈಟ್ (ಗಟ್ಟಿ ರಬ್ಬರು) ಕೋಲನ್ನು ಲೇತಿನಲ್ಲಿ ತಿರುವಿ, ಕೈಯಲ್ಲಿ ಉಜ್ಜಿ ಮಾಡಿದ್ದು. ಮುಂದೆ ಜರ್ಮನಿಯಲ್ಲಿ ತಯಾರಾದ 6ನೇ ನಂಬರಿನ ಸ್ಟೀಲ್ ನಿಬ್. ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ ಕೊಂಡೆ. ಬೆಲೆ 3,000 ರೂಪಾಯಿಗೆ ಸ್ವಲ್ಪ ಕಡಿಮೆ. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಇದು ಬೇಸಿಗೆಯನ್ನೂ ಕಂಡಿದೆ, ಮಳೆಗಾಲವನ್ನೂ ಕಂಡಿದೆ. ಈಗ ಧೈರ್ಯವಾಗಿ ಹೇಳಬಹುದು: ಕನ್ನಡವನ್ನು ಕೈಯಲ್ಲಿ ಜಾಸ್ತಿ ಬರೆಯುವವರಿಗೆ ಇದು ಒಳ್ಳೆಯ ಪೆನ್ನು.

ಆದರೆ ಈ ಪೆನ್ನು ಇಷ್ಟು ಚೆನ್ನಾಗಿ ನಡೆಯುತ್ತಿರುವುದಕ್ಕೆ ಮಾಡಿದವರಷ್ಟೇ ಕಾರಣರಾದ ಇನ್ನೂ ಕೆಲವರು ಇದ್ದಾರೆ. ಅವರನ್ನು ನಾನು ಎದುರಿಗೆ ನೋಡಿಲ್ಲ. ಆನ್‌ಲೈನ್‌ನಲ್ಲಿ ಇಂಕ್ ಪೆನ್ನಿನ ಹವ್ಯಾಸಿಗಳ ಒಂದು ಬಳಗ ಇದೆ. ಯಾವ ನಿಬ್ ಆರಿಸಬೇಕು, ಯಾವ ಮಸಿ ಹಾಕಬೇಕು, ಕೆಟ್ಟಾಗ ಏನು ನೋಡಬೇಕು, ಎಲ್ಲವನ್ನೂ ಅವರು ಹೇಳಿಕೊಟ್ಟರು. ಹಾಗಾಗಿ ಇದು ಪೆನ್ನಿನ ವಿಮರ್ಶೆ, ಜೊತೆಗೆ ಆ ಸಲಹೆಗಳ ವಿಮರ್ಶೆಯೂ ಹೌದು.

ನನ್ನ ಕೆಲಸ ಏನು ಅಂತ ಮೊದಲು ಹೇಳಬೇಕು. ಯಾರು, ಏನು, ಯಾವ ಕಾಗದದ ಮೇಲೆ ಬರೆಯುತ್ತಾರೆ ಅನ್ನುವುದು ಗೊತ್ತಿಲ್ಲದೆ ಪೆನ್ನಿನ ವಿಮರ್ಶೆ ಓದಿ ಉಪಯೋಗ ಇಲ್ಲ. ನಾನು ಭಾನುವಾರ ಬೆಳಿಗ್ಗೆ ಇಲ್ಲಿನ ಮಕ್ಕಳಿಗೆ ಕನ್ನಡ ಓದು-ಬರಹ ಕಲಿಸುತ್ತೇನೆ. ಅವರ ಅಪ್ಪ-ಅಮ್ಮ ಉಡುಪಿ ಕಡೆಯವರು, ಹುಬ್ಬಳ್ಳಿ ಕಡೆಯವರು, ಕಲಬುರಗಿ ಕಡೆಯವರು. ಮಕ್ಕಳು ಹುಟ್ಟಿ ಬೆಳೆದದ್ದು ಇಲ್ಲೇ. ಮನೆಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ. ಪ್ರತಿಯೊಬ್ಬರ ನೋಟ್‌ಬುಕ್ಕಿನಲ್ಲಿ ಮೇಲಿನ ಸಾಲು ನಾನು ಬರೆದು ಕೊಡುತ್ತೇನೆ. ಅದನ್ನು ನೋಡಿ ಅವರು ಕೆಳಗಿನ ಸಾಲುಗಳನ್ನು ತುಂಬುತ್ತಾರೆ.

ಮಗು ಅಕ್ಷರವನ್ನು ಕಂಡ ಹಾಗೇ ಬರೆಯುತ್ತದೆ. ದಪ್ಪ ಪೆನ್ನಿನಲ್ಲಿ ನಾನು ಠ ಬರೆದು ಅದರ ಒಳಗಿನ ಚುಕ್ಕೆ ಮಸಿಯಲ್ಲಿ ಮುಳುಗಿಹೋದರೆ, ಮಗುವಿಗೆ ಅದು ರ ಆಗಿಯೋ ಬರೀ ಒಂದು ಮಸಿಗುಂಡಾಗಿಯೋ ಕಾಣುತ್ತದೆ. ಧ ಮತ್ತು ಥ ಕಥೆಯೂ ಅದೇ. ನಡುವೆ ಚುಕ್ಕೆ ಇದ್ದರೆ ಥ, ಇಲ್ಲದಿದ್ದರೆ ಧ. ಪ-ಫ, ಬ-ಭ ಬೇರೆಯಾಗುವುದು ಅಡಿಯ ಒಂದು ಸಣ್ಣ ಸೀಳಿನಿಂದ. ಇನ್ನು ಒತ್ತಕ್ಷರ ಬಂದರೆ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗದ ಹಾಗೆ ಸಣ್ಣದಾಗಿ ಕೂರಿಸಬೇಕು. 'ರಾಷ್ಟ್ರ' ಅಂತ ಒಂದು ಪದ ಬರೆದು ನೋಡಿ, ಪೆನ್ನಿನ ಯೋಗ್ಯತೆ ಅಲ್ಲೇ ಗೊತ್ತಾಗುತ್ತದೆ. ಷ ಅಡಿಯಲ್ಲಿ ಟ, ಅದರ ಜೊತೆ ರ ಒತ್ತು, ಮೂರೂ ಬಿಡಿಬಿಡಿಯಾಗಿ ಕಾಣಬೇಕು.

ಬಾಲ್‌ಪೆನ್ನಿನಲ್ಲಿ ಇದೆಲ್ಲ ಸಣ್ಣಗೆ ಬರೆಯಬಹುದು. ಆದರೆ ಅದನ್ನು ಒತ್ತಿ ಬರೆಯಬೇಕು. ಅಷ್ಟು ನೋಟ್‌ಬುಕ್ ಮುಗಿಸುವಷ್ಟರಲ್ಲಿ ಹೆಬ್ಬೆರಳಿನ ಬುಡ ನೋಯಲು ಶುರುವಾಗುತ್ತಿತ್ತು. ಇಂಕ್ ಪೆನ್ನಿಗೆ ಒತ್ತಡ ಬೇಕಿಲ್ಲ. ನಿಬ್ ಕಾಗದಕ್ಕೆ ತಾಗಿದರೆ ಸಾಕು, ಮಸಿ ತಾನಾಗಿ ಇಳಿಯುತ್ತದೆ. ಹೀಗೆ ನಾನು ಮತ್ತೆ ಇಂಕ್ ಪೆನ್ನಿನ ಕಡೆ ತಿರುಗಿದೆ. ಅಂಗಡಿಗೆ ಹೋಗುವ ಮೊದಲು ಆ ಬಳಗದಲ್ಲಿ ಕೇಳಿದೆ.

ನನ್ನ ಪ್ರಶ್ನೆ ಚಿಕ್ಕದಾಗಿತ್ತು: ಕನ್ನಡ ಬರೆಯಲು ಯಾವ ಪೆನ್ನು ಒಳ್ಳೆಯದು?

ಯಾರೂ ತಕ್ಷಣ ಪೆನ್ನಿನ ಹೆಸರು ಹೇಳಲಿಲ್ಲ. ಬದಲಿಗೆ ಪ್ರಶ್ನೆಗಳು ಬಂದವು. ಕಾಗದ ಯಾವುದು? ಅಕ್ಷರ ಎಷ್ಟು ದೊಡ್ಡದು? ಪೆನ್ನನ್ನು ನೆಟ್ಟಗೆ ಹಿಡಿಯುತ್ತೀರೋ, ಓರೆಯಾಗಿ ಹಿಡಿಯುತ್ತೀರೋ? ಬಲಗೈಯೋ ಎಡಗೈಯೋ? ನಡುನಡುವೆ ಮುಚ್ಚಳ ತೆಗೆದು ಇಡುತ್ತೀರಾ? ಚೀಲದಲ್ಲಿ ಒಯ್ಯುತ್ತೀರಾ? ಊರು ಯಾವುದು, ಸೆಕೆ ಎಷ್ಟು? ಕೊನೆಗೆ ಒಬ್ಬರು ಬರೆದರು: "ಮ್ಯಾಡಮ್, ಮಕ್ಕಳ ನೋಟ್‌ಬುಕ್ಕಿನಲ್ಲೇ ಒಂದು ಪುಟ ಬರೆದು ಫೋಟೊ ಹಾಕಿ. ಹಿಂದಿನ ಪುಟದ್ದೂ ಹಾಕಿ."

ಈ ಹಿಂದಿನ ಪುಟದ ಫೋಟೊ ಕೇಳಿದ್ದು ನನಗೆ ತುಂಬಾ ಹಿಡಿಸಿತು. ಮಸಿ ಹಿಂಬದಿಗೆ ಇಳಿದಿದೆಯೇ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಇಳಿದಿದ್ದರೆ ಕಾಗದ ಮಸಿಯನ್ನು ಹೀರುತ್ತಿದೆ ಅಂತ ಅರ್ಥ. ಒಳ್ಳೆಯ ಕಾಗದಕ್ಕೆ ತಯಾರಿಸುವಾಗಲೇ ಮಸಿ ಹೀರದ ಹಾಗೆ ಒಂದು ಹದ ಕೊಟ್ಟಿರುತ್ತಾರೆ. ಅಗ್ಗದ ನೋಟ್‌ಬುಕ್ಕಿನಲ್ಲಿ ಆ ಹದ ಕಡಿಮೆ. ಮುಂಬಯಿಯ ಮಳೆಗಾಲದಲ್ಲಿ ಕಾಗದ ಗಾಳಿಯ ತೇವವನ್ನೂ ಕುಡಿದು ಮೆತ್ತಗಾಗಿರುತ್ತದೆ. ಆಗ ಗೆರೆಯ ಅಂಚಿನಿಂದ ಮಸಿ ಎಳೆಎಳೆಯಾಗಿ ಹರಡುತ್ತದೆ. ಬೇಸಿಗೆಯಲ್ಲಿ ಸಣ್ಣಗೆ ಬರೆದ ಅದೇ ಪೆನ್ನು ಜುಲೈನಲ್ಲಿ ದಪ್ಪಗೆ ಬರೆಯುತ್ತದೆ. ಪೆನ್ನಿನ ವಿಮರ್ಶೆಯಲ್ಲಿ ಊರು ಯಾಕೆ ಮುಖ್ಯ ಅಂತ ಇದರಿಂದ ತಿಳಿಯುತ್ತದೆ. ಚಳಿ ದೇಶದಲ್ಲಿ, ನುಣುಪು ಕಾಗದದ ಮೇಲೆ ಬರೆದು ತೆಗೆದ ವಿಡಿಯೊ ನೋಡಿ ನಮಗೆ ಬೇಕಾದ ನಿಬ್ ಆರಿಸಲು ಆಗುವುದಿಲ್ಲ.

ಆಮೇಲೆ ಉತ್ತರಗಳು ಬಂದವು. ಒಬ್ಬರಂತೆ ಇನ್ನೊಬ್ಬರದು ಇರಲಿಲ್ಲ. ಒಬ್ಬರು ಜಪಾನಿನ ಎಫ್ (ಫೈನ್, ಅಂದರೆ ಸಣ್ಣ ತುದಿಯ) ನಿಬ್ ತಗೊಳ್ಳಿ ಅಂದರು. ಜಪಾನಿನ ಎಫ್ ಹೆಚ್ಚು ಕಡಿಮೆ ಜರ್ಮನಿಯ ಎಕ್ಸ್‌ಟ್ರಾ ಫೈನ್, ಅಂದರೆ ಇಎಫ್‌ನಷ್ಟು ಸಣ್ಣ. ಅವರ ಲಿಪಿಯಲ್ಲಿ ಒಂದೇ ಅಕ್ಷರದೊಳಗೆ ಹತ್ತಾರು ಗೆರೆ ಬರುವುದರಿಂದ ಸಣ್ಣ ನಿಬ್ಬಿಗೆ ಅಲ್ಲಿ ಬೇಡಿಕೆ. ಇನ್ನೊಬ್ಬರು ಸ್ಟಬ್ ನಿಬ್ ಹೊಗಳಿದರು. ಅದರ ತುದಿ ಚಪ್ಪಟೆ. ನಿಂತ ಗೆರೆ ದಪ್ಪ, ಅಡ್ಡ ಗೆರೆ ತೆಳು, ನೋಡಲು ಸೊಗಸು. ಆಮಂತ್ರಣ ಪತ್ರಿಕೆ ಬರೆಯುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಮಕ್ಕಳಿಗೆ ಅಕ್ಷರ ತೋರಿಸಲು ಅದು ಬೇಡ. ಒಂದೇ ಸುತ್ತು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಕಂಡರೆ ಮಗು ಗೊಂದಲಕ್ಕೆ ಬೀಳುತ್ತದೆ.

ನನಗೆ ದಾರಿ ತೋರಿಸಿದ್ದು ಆಂಧ್ರದ ಒಬ್ಬ ಹಿರಿಯರು. ದಿನಾ ತೆಲುಗಿನಲ್ಲಿ ಡೈರಿ ಬರೆಯುವವರು. ಬಳಗದಲ್ಲಿ ಅವರಿಗಿಂತ ಹೆಚ್ಚು ಪೆನ್ನು ಇಟ್ಟುಕೊಂಡವರು, ಹೆಚ್ಚು ಓದಿದವರು ಬಹಳ ಇದ್ದಾರೆ. ಆದರೆ ಅವರ ಲಿಪಿ ನಮ್ಮ ಲಿಪಿಯ ಒಡಹುಟ್ಟು. ದುಂಡಗಿನ ಅಕ್ಷರ, ತಲೆಕಟ್ಟು, ಅಡಿಯಲ್ಲಿ ಒತ್ತು. ಅವರು ಬರೆದದ್ದರ ಸಾರ ಇಷ್ಟು: "ಅಮ್ಮಾ, ನಮ್ಮ ಅಕ್ಷರದಲ್ಲಿ ನಿಬ್ ಎಲ್ಲ ದಿಕ್ಕಿಗೂ ಓಡುತ್ತದೆ. ಕೆಳಗೆ ಎಳೆಯುವಾಗ ಯಾವ ನಿಬ್ಬೂ ಚೆನ್ನ. ಎಡಕ್ಕೆ ತಿರುಗಿ ಮೇಲಕ್ಕೆ ತಳ್ಳುವಾಗ ನೋಡಿ. ತೀರಾ ಸಣ್ಣ ತುದಿ ಅಗ್ಗದ ಕಾಗದದ ನಾರಿಗೆ ಸಿಕ್ಕಿಕೊಳ್ಳುತ್ತದೆ. ಇಎಫ್, ಎಫ್ ಎರಡನ್ನೂ ನಿಮ್ಮ ಕಾಗದದಲ್ಲೇ ಬರೆದು ನೋಡಿ ತಗೊಳ್ಳಿ. ತಿರುಗಿಸಿ ಬಿಚ್ಚುವ ನಿಬ್ ಯೂನಿಟ್ ಇರುವ ಪೆನ್ನನ್ನೇ ಕೇಳಿ. ಮುಂದೆ ನಿಬ್ ಬದಲಿಸಬೇಕಾದರೆ ಪೆನ್ನು ಬದಲಿಸಬೇಕಿಲ್ಲ."

ಸಲಹೆ ಕೇಳುವವರಿಗೆ ನಾನು ಇದನ್ನೇ ಒತ್ತಿ ಹೇಳುವುದು. ಬಳಗದಲ್ಲಿ ಎಲ್ಲರಿಗಿಂತ ದೊಡ್ಡ ಪಂಡಿತರು ಯಾರು ಅಂತ ಹುಡುಕಬೇಡಿ. ನಿಮ್ಮ ಹಾಗೆ ಬರೆಯುವವರು, ನಿಮ್ಮಂಥ ಹವೆಯಲ್ಲಿ ಇರುವವರು, ನಿಮ್ಮಷ್ಟೇ ಖರ್ಚು ಮಾಡುವವರು ಯಾರು ಅಂತ ನೋಡಿ. ಅವರ ಒಂದು ಮಾತು ಉಳಿದವರ ಹತ್ತು ಮಾತಿಗೆ ಸಮ.

ಪುಣೆಯಲ್ಲಿ ಅಕ್ಕನ ಮನೆ ಇದೆ. ಅಲ್ಲಿಗೆ ಹೋದಾಗ ಅಪ್ಪಾ ಬಳವಂತ ಚೌಕಕ್ಕೆ ಹೋದೆ. ಪುಣೆಯವರು ಎಬಿಸಿ ಅನ್ನುವ ಜಾಗ. ಪಠ್ಯಪುಸ್ತಕ, ನೋಟ್‌ಬುಕ್, ಪೆನ್ನು, ಕಾಗದ, ಓದುವ-ಬರೆಯುವ ಎಲ್ಲ ಸಾಮಾನೂ ಅಲ್ಲಿ ಸಿಗುತ್ತದೆ. ಶಾಲೆ ಶುರುವಾಗುವ ಜೂನ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಿಧಾನವಾಗಿ ನೋಡಬೇಕು ಅನ್ನುವವರು ಬೇರೆ ತಿಂಗಳಲ್ಲಿ, ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಹೋಗಿ. ಮಕ್ಕಳ ನೋಟ್‌ಬುಕ್ ಒಂದನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ. ಅಂಗಡಿಯವರು ಬೇಸರ ಮಾಡಿಕೊಳ್ಳದೆ ನಿಬ್ಬುಗಳನ್ನು ಸಾಲಾಗಿ ಇಟ್ಟು, "ಸಾವಕಾಶ ಬಘಾ, ತಾಯಿ" (ನಿಧಾನವಾಗಿ ನೋಡಿ, ಅಕ್ಕಾ) ಅಂದರು. ಈ ಒಂದು ಮಾತಿಗೇ ಆ ಅಂಗಡಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಬಳಗದವರು ಒಂದು ಎಚ್ಚರಿಕೆ ಕೊಟ್ಟಿದ್ದರು. ಅಂಗಡಿಯಲ್ಲಿ ನಿಬ್ಬನ್ನು ದೌತಿಯಲ್ಲಿ ಅದ್ದಿ ಬರೆಯಲು ಕೊಡುತ್ತಾರೆ. ಅದ್ದಿದಾಗ ನಿಬ್ಬಿನ ಮೇಲೆ ಹೆಚ್ಚು ಮಸಿ ನಿಂತಿರುತ್ತದೆ, ಗೆರೆ ದಪ್ಪ ಬರುತ್ತದೆ, ನುಣುಪಾಗಿಯೂ ಅನಿಸುತ್ತದೆ. ಆದ್ದರಿಂದ ಮೊದಲ ಎರಡು ಸಾಲು ಲೆಕ್ಕಕ್ಕಿಲ್ಲ. ಮಸಿ ಖಾಲಿಯಾಗುತ್ತ ಬಂದಾಗ ಹೇಗೆ ಓಡುತ್ತದೆ ಅಂತ ನೋಡಬೇಕು. ನಾನು ಹಾಗೇ ಮಾಡಿದೆ. ಠ, ಥ, ಳ, ಘ, 'ರಾಷ್ಟ್ರ', 'ಸ್ತ್ರೀ', 'ಅರ್ಘ್ಯ'. ಇಎಫ್ ನಿಬ್ ಠ ಒಳಗಿನ ಚುಕ್ಕೆಯನ್ನು ಸೊಗಸಾಗಿ ಉಳಿಸಿತು. ಆದರೆ ತಲೆಕಟ್ಟಿನ ತುದಿಯಲ್ಲಿ ಮೇಲಕ್ಕೆ ತಿರುಗಿಸುವಾಗ ಕಾಗದ ಗೀರಿದ ಸದ್ದು. ಆಂಧ್ರದ ಹಿರಿಯರು ಹೇಳಿದ್ದು ಅಕ್ಷರಶಃ ಅದೇ. ಎಫ್ ನಿಬ್ ಸರಾಗ. ಚುಕ್ಕೆ ಉಳಿಯಿತು, ಸ್ವಲ್ಪ ದೊಡ್ಡದಾಗಿ ಬರೆದರೆ ಮಾತ್ರ. ಎಫ್ ತಗೊಂಡೆ.

ಹಣ ಕೊಡುವ ಮೊದಲು ಇನ್ನೊಂದು ಪರೀಕ್ಷೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿಯಲ್ಲಿ ನಿಬ್ಬಿನ ತುದಿಯನ್ನು ಎದುರಿನಿಂದ ನೋಡಬೇಕು. ನಡುವಿನ ಸೀಳಿನ ಎರಡೂ ಬದಿ ಒಂದೇ ಎತ್ತರದಲ್ಲಿ ಇರಬೇಕು. ಒಂದು ಬದಿ ಮೇಲೆ, ಒಂದು ಬದಿ ಕೆಳಗೆ ಇದ್ದರೆ ಅದು ಗೀರುತ್ತದೆ. ಮೊದಲು ತೋರಿಸಿದ ನಿಬ್ಬಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಂಡಿತು. ಹೇಳಿದ ಕೂಡಲೇ ಅಂಗಡಿಯವರು ಬೇರೆ ಕೊಟ್ಟರು. ಕನ್ನಡಿ ಅವರ ಬಳಿಯೇ ಇತ್ತು.

ಈಗ ಪೆನ್ನಿನ ಬಗ್ಗೆ. ಎಬೊನೈಟ್ ಅಂದರೆ ರಬ್ಬರಿಗೆ ತುಂಬಾ ಗಂಧಕ ಸೇರಿಸಿ, ಬಹಳ ಹೊತ್ತು ಕಾಯಿಸಿ ಗಟ್ಟಿ ಮಾಡಿದ ವಸ್ತು. 19ನೇ ಶತಮಾನದಿಂದ ಬಳಕೆಯಲ್ಲಿದೆ. ಪ್ಲಾಸ್ಟಿಕ್ ಬರುವ ಮೊದಲು ಪೆನ್ನು ಮಾಡುತ್ತಿದ್ದದ್ದು ಹೆಚ್ಚಾಗಿ ಇದರಲ್ಲೇ. ನಮ್ಮ ದೇಶದಲ್ಲಿ ಕೈಯಿಂದ ಎಬೊನೈಟ್ ಪೆನ್ನು ತಿರುವುವವರು ಈಗಲೂ ಇದ್ದಾರೆ. ಸ್ವದೇಶಿ ಚಳವಳಿಯ ಕಾಲದಲ್ಲಿ ಗಾಂಧೀಜಿಗೆ ಪೆನ್ನು ಮಾಡಿಕೊಟ್ಟ ರತ್ನಂ ಅವರ ಊರಾದ ಆಂಧ್ರದ ರಾಜಮಹೇಂದ್ರಿ ಇದಕ್ಕೆ ಹೆಸರಾಗಿದೆ. ಹೊಸದರಲ್ಲಿ ಮುಚ್ಚಳ ತೆಗೆದರೆ ಸಣ್ಣಗೆ ರಬ್ಬರಿನ ವಾಸನೆ ಬರುತ್ತದೆ. ನನಗೆ ಇಷ್ಟ. ಕೆಲವರಿಗೆ ಆಗದಿರಬಹುದು. ಬಿಸಿಲಿಗೆ ಇಟ್ಟರೆ ಬಣ್ಣ ಮಂಕಾಗುತ್ತದೆ, ಆದ್ದರಿಂದ ಕಿಟಕಿಯ ಬಳಿ ಬಿಡಬಾರದು.

ಕೈಗೆ ಇದು ಬೆಚ್ಚಗೆ ಅನಿಸುತ್ತದೆ. ಲೋಹದ ಪೆನ್ನಿನ ತಣ್ಣನೆ ಜಾರು ಇಲ್ಲ. ಬೆವರಿದ ಬೆರಳಿಗೂ ಹಿಡಿತ ಸಿಗುತ್ತದೆ. ಹಿಡಿಯುವ ಜಾಗ ದಪ್ಪ ಇದೆ, ನಡುವೆ ಸ್ವಲ್ಪ ತಗ್ಗು. ಬೆರಳು ತಾನಾಗಿ ಅಲ್ಲಿ ಕೂರುತ್ತದೆ. ತೂಕ ಕಡಿಮೆ. ಮುಚ್ಚಳವನ್ನು ಹಿಂದಕ್ಕೆ ಸಿಕ್ಕಿಸಿದರೆ ಪೆನ್ನು ತೀರಾ ಉದ್ದ ಆಗುತ್ತದೆ, ಹಾಗಾಗಿ ಅದನ್ನು ಪಕ್ಕಕ್ಕೆ ಇಟ್ಟು ಬರೆಯುತ್ತೇನೆ. ಹೆಬ್ಬೆರಳಿನ ನೋವು ಈಗ ಇಲ್ಲ. ಒತ್ತಿ ಬರೆಯುವುದು ನಿಂತದ್ದೇ ಕಾರಣ ಅಂತ ನನ್ನ ನಂಬಿಕೆ.

ಮಸಿ ತುಂಬುವುದು ಹಳೆಯ ಪದ್ಧತಿಯಲ್ಲಿ, ಫಿಲ್ಲರಿನಿಂದ ನೇರ ಪೆನ್ನಿನ ಹೊಟ್ಟೆಗೆ. ಒಳಗೆ ಬೇರೆ ನಳಿಕೆ ಇಲ್ಲ. ಬೇರೆ ಪೆನ್ನುಗಳಲ್ಲಿರುವ ಕನ್ವರ್ಟರ್ ಅನ್ನುವ ಆ ನಳಿಕೆಯಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರ್ ಹಿಡಿಯುವುದೇ ಕಷ್ಟ. ಇದರಲ್ಲಿ ಅದರ ಎರಡು-ಮೂರು ಪಟ್ಟು ಹಿಡಿಯುತ್ತದೆ. ಒಂದು ಸಲ ತುಂಬಿದರೆ ವಾರಗಟ್ಟಲೆ ಚಿಂತೆ ಇಲ್ಲ.

ತುಂಬುವ ಮೊದಲು ಎರಡು ಕೆಲಸ ಮಾಡಿಸಿದರು ಬಳಗದವರು. ಮೊದಲನೆಯದು ತೊಳೆಯುವುದು. ಹೊಸ ನಿಬ್ಬಿನಲ್ಲೂ ಫೀಡಿನಲ್ಲೂ ಯಂತ್ರದ ಎಣ್ಣೆ ಉಳಿದಿರುತ್ತದೆ. ಫೀಡ್ ಅಂದರೆ ನಿಬ್ಬಿನ ಕೆಳಗಿರುವ, ಸಣ್ಣ ಕಾಲುವೆಗಳಿರುವ ಕಪ್ಪು ತುಂಡು. ಅದರ ಒಂದು ಕಾಲುವೆಯಲ್ಲಿ ಮಸಿ ಇಳಿದರೆ ಅದೇ ಪ್ರಮಾಣದ ಗಾಳಿ ಒಳಗೆ ಏರುತ್ತದೆ. ಎಣ್ಣೆ ಇದ್ದರೆ ನೀರಿನ ಮಸಿ ಅಲ್ಲಿ ಹಿಡಿಯುವುದಿಲ್ಲ. ತಣ್ಣೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ ತೊಳೆದು, ಆಮೇಲೆ ಬರೀ ನೀರಿನಲ್ಲಿ ತೊಳೆದು ಒಣಗಿಸಿದರೆ ಆಯಿತು. ಬಿಸಿನೀರು ಬೇಡ, ಎಬೊನೈಟಿನ ಬಣ್ಣ ಕೆಡುತ್ತದೆ. ಎರಡನೆಯದು ಪೆನ್ನಿನ ತಿರುಪಿನ ಸುತ್ತುಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚುವುದು. ಬೆರಳ ತುದಿಯಲ್ಲಿ ಒಂಚೂರು ಸಾಕು, ಮಸಿ ಜಿನುಗುವುದಿಲ್ಲ. ಮನೆಯಲ್ಲಿರುವ ವ್ಯಾಸಲೀನ್ ಹಚ್ಚಬಾರದೇ ಅಂತ ಬಳಗದಲ್ಲಿ ಒಬ್ಬರು ಕೇಳಿದ್ದರು. ಬೇಡ ಅಂದರು, ಕಾರಣವನ್ನೂ ಹೇಳಿದರು. ಅದು ಪೆಟ್ರೋಲಿಯಂನಿಂದ ಬಂದದ್ದು, ರಬ್ಬರಿನ ಉಂಗುರ ಇದ್ದರೆ ಅದನ್ನು ಕ್ರಮೇಣ ಉಬ್ಬಿಸಿ ಹಾಳು ಮಾಡುತ್ತದೆ. ಹೀಗೆ ಕಾರಣ ಕೊಟ್ಟು ಹೇಳುವವರ ಮಾತನ್ನು ನಾನು ಬೇಗ ನಂಬುತ್ತೇನೆ.

ಮಸಿಯ ವಿಷಯದಲ್ಲಿ ಎಲ್ಲರಿಗೂ ಹೇಳಬೇಕಾದ ಒಂದು ಮಾತಿದೆ. ಚಿತ್ರ ಬರೆಯುವ ಇಂಡಿಯನ್ ಇಂಕನ್ನು ಇಂಕ್ ಪೆನ್ನಿಗೆ ಹಾಕಲೇಬೇಡಿ. ಅದರಲ್ಲಿ ಸಾಮಾನ್ಯವಾಗಿ ಅರಗು ಇರುತ್ತದೆ. ಒಣಗಿದರೆ ಫೀಡಿನ ಕಾಲುವೆಗಳು ಪೂರ್ತಿ ಕಟ್ಟಿಹೋಗುತ್ತವೆ. ಸ್ಟೇಷನರಿ ಅಂಗಡಿಯಲ್ಲಿ ಎರಡೂ ಬಾಟಲಿ ಒಂದೇ ಕಪಾಟಿನಲ್ಲಿ ಇರುತ್ತವೆ, ಹಾಗಾಗಿ ನೋಡಿ ತಗೊಳ್ಳಿ.

ನನ್ನ ಕಷ್ಟ ಬೇರೆ: ಅಗ್ಗದ ಕಾಗದ, ಮಳೆಗಾಲದ ತೇವ, ಮತ್ತು ಛತ್ರಿ ಇದ್ದರೂ ನೆನೆದು ಬರುವ ಮಕ್ಕಳ ಚೀಲ. ತೊಳೆದರೆ ಹೋಗುವ ರಾಯಲ್ ಬ್ಲೂ ಇಲ್ಲಿಗೆ ಆಗುವುದಿಲ್ಲ. ಒಂದು ಹನಿ ಬಿದ್ದರೂ ಸಾಲು ಅಳಿಸಿಹೋಗುತ್ತದೆ. ಬಳಗದಲ್ಲಿ ಹಲವರು ಐರನ್ ಗಾಲ್ ಮಸಿ ಹಾಕಿ ನೋಡಿ ಅಂದರು. ಕಬ್ಬಿಣದ ಲವಣ ಮತ್ತು ಕೆಲವು ಮರಗಳ ಗಂಟುಕಾಯಿಯಲ್ಲಿ ಸಿಗುವ ಒಗರಿನ ಆಮ್ಲ ಸೇರಿಸಿ ಮಾಡುವ ಮಸಿ. ಯುರೋಪಿನಲ್ಲಿ ನೂರಾರು ವರ್ಷ ದಾಖಲೆ ಬರೆದದ್ದು ಇದರಲ್ಲೇ. ಬರೆಯುವಾಗ ತಿಳಿ ನೀಲಿ. ಗಾಳಿ ತಾಗಿದ ಮೇಲೆ ಕಾಗದದ ಒಳಗೇ ಕಪ್ಪಾಗಿ ಕೂರುತ್ತದೆ, ನೀರಿಗೆ ಸುಲಭವಾಗಿ ಹೋಗುವುದಿಲ್ಲ. ಇನ್ನೂ ಮುಖ್ಯವಾದ ಗುಣ, ಇದು ಒಣ ಸ್ವಭಾವದ ಮಸಿ. ಕೆಟ್ಟ ಕಾಗದದಲ್ಲೂ ಕಡಿಮೆ ಹರಡುತ್ತದೆ.

ಪೆಲಿಕಾನ್ 4001 ಸಾಲಿನ ನೀಲಿ-ಕಪ್ಪು ಈ ಜಾತಿಯ ಸೌಮ್ಯ ಮಸಿ. ಅದನ್ನೇ ಬಳಸುತ್ತಿದ್ದೇನೆ. ಎಫ್ ನಿಬ್ಬಿನ ಗೆರೆ ಅದರಲ್ಲಿ ಒಂದು ನೂಲು ಸಣ್ಣಗಾಯಿತು. ಜುಲೈನಲ್ಲೂ ಠ ಒಳಗಿನ ಚುಕ್ಕೆ ಉಳಿಯಿತು. ನಾನು ಸಣ್ಣ ನಿಬ್ ಹುಡುಕುತ್ತಿದ್ದೆ, ಅವರು ಮಸಿಯನ್ನು ಬದಲಿಸಿ ಅದೇ ಕೆಲಸ ಮಾಡಿಕೊಟ್ಟರು. ಇದಕ್ಕೆ ಒಂದು ಷರತ್ತಿದೆ. ಈ ಮಸಿಯಲ್ಲಿ ಹುಳಿ ಅಂಶ ಇರುವುದರಿಂದ ಪೆನ್ನಿನಲ್ಲಿ ಒಣಗಲು ಬಿಡಬಾರದು, ಆಗಾಗ ತೊಳೆಯಬೇಕು. ಬಾಟಲಿ ಮುಗಿದ ಮೇಲೆ ಪತ್ರ ಬರೆಯಲು ಸುಲೇಖಾ ಮಸಿ ತರಿಸುವ ಆಸೆ ಇದೆ. 1934ರಲ್ಲಿ ಬಂಗಾಳದಲ್ಲಿ ಸ್ವದೇಶಿ ಮಸಿಯಾಗಿ ಶುರುವಾದದ್ದು ಅದು. ಅದಕ್ಕೆ ಬೇರೆ ಕಾಗದ, ಬೇರೆ ಸಂದರ್ಭ.

ಈ ಬಳಗದ ಬೆಲೆ ನನಗೆ ನಿಜವಾಗಿ ತಿಳಿದದ್ದು ಮೇ ತಿಂಗಳಲ್ಲಿ. ಚೆನ್ನಾಗಿ ಓಡುತ್ತಿದ್ದ ಪೆನ್ನು ನಡುನಡುವೆ ಬಿಟ್ಟುಬಿಟ್ಟು ಬರೆಯಲು ಶುರು ಮಾಡಿತು. ಕೊಂಬಿನ ಅರ್ಧ ಬರುವುದಿಲ್ಲ, ದೀರ್ಘದ ಬಾಲ ಕಾಣುವುದಿಲ್ಲ. ತೊಳೆದು ನೋಡಿದೆ, ಹಾಗೇ ಇತ್ತು. ನಿಬ್ ಕೆಟ್ಟಿತು, ಉಜ್ಜಿಸಬೇಕು ಅಂತ ಮನಸ್ಸಿಗೆ ಬಂತು. ನಿಬ್ ತಿದ್ದಿಕೊಡುವವರು ತೆಗೆದುಕೊಳ್ಳುವ ಹಣವೂ ಕಡಿಮೆಯಲ್ಲ. ಬರೆದ ಪುಟದ ಫೋಟೊ ಹಾಕಿ ಕೇಳಿದೆ.

ಕೆಲವರು ನಿಬ್ ಎಂದರು, ಕೆಲವರು ಮಸಿ ಎಂದರು. ಚೆನ್ನೈನ ಒಬ್ಬ ಮಹಿಳೆ ಮಾತ್ರ ಫೋಟೊ ನೋಡಿ ಒಂದು ಪ್ರಶ್ನೆ ಕೇಳಿದರು: "ಪುಟದ ಮೇಲಿನ ಸಾಲುಗಳು ಸರಿಯಾಗಿವೆ ಅಲ್ವಾ? ಕೆಳಗೆ ಹೋದ ಹಾಗೆ ಬಿಡುತ್ತಿದೆಯಾ?"

ಹೌದು. ಮೇಲಿನ ಸಾಲುಗಳಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ಅರ್ಧ ಪುಟದಿಂದ ಕೆಳಗೆ ಮಾತ್ರ ಬಿಡುತ್ತಿತ್ತು. ಅವರು ಬಿಡಿಸಿ ಹೇಳಿದರು. ಮೇಲಿನ ಸಾಲು ಬರೆಯುವಾಗ ಅಂಗೈಯ ಅಂಚು ಪುಟದ ಕೆಳಭಾಗದ ಮೇಲೆ ಕೂತಿರುತ್ತದೆ. ಸೆಕೆಗಾಲದಲ್ಲಿ ಬೆವರೂ ಚರ್ಮದ ಜಿಡ್ಡೂ ಕಾಗದಕ್ಕೆ ಹತ್ತುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನೀರಿನ ಮಸಿ ಆ ಜಿಡ್ಡಿನ ಮೇಲೆ ನಿಲ್ಲುವುದಿಲ್ಲ. ಬಾಲ್‌ಪೆನ್ನಿನ ಮಸಿ ಎಣ್ಣೆ ಬೆರೆತದ್ದು, ಅದಕ್ಕೆ ಈ ತೊಂದರೆ ಕಮ್ಮಿ. ಹಾಗಾಗಿ ಬಾಲ್‌ಪೆನ್ನಿನ ಕಾಲದಲ್ಲಿ ನಾವು ಇದನ್ನು ಮರೆತುಬಿಟ್ಟೆವು. ಕೈ ಅಡಿಗೆ ಒಂದು ಖಾಲಿ ಹಾಳೆ ಇಟ್ಟುಕೊಂಡು ಬರೆಯಿರಿ ಅಂದರು.

ಹಾಳೆ ಇಟ್ಟೆ. ಅದೇ ಪೆನ್ನು, ಅದೇ ಮಸಿ, ಅದೇ ನೋಟ್‌ಬುಕ್. ಕೊನೆಯ ಸಾಲಿನವರೆಗೂ ಸರಿಯಾಗಿ ಓಡಿತು. ಖರ್ಚು ಒಂದು ಪೈಸೆ ಇಲ್ಲ. ಈಗ ನನ್ನ ತರಗತಿಯ ಮಕ್ಕಳೂ ಕೈ ಅಡಿಗೆ ಹಾಳೆ ಇಟ್ಟೇ ಬರೆಯುತ್ತಾರೆ. "ಟೀಚರ್, ಇವನು ಹಾಳೆ ಇಟ್ಟಿಲ್ಲ" ಅಂತ ದೂರು ಕೂಡ ಬರುತ್ತದೆ.

ಚೆನ್ನೈನವರು ಕೇಳಿದಂಥ ಪ್ರಶ್ನೆ ಅಂಗಡಿಯಲ್ಲಿ ಯಾಕೆ ಹುಟ್ಟುವುದಿಲ್ಲ ಅಂತ ಯೋಚಿಸಿದ್ದೇನೆ. ಅಂಗಡಿಯವರು ಪೆನ್ನು ಮಾರುವುದು ಐದು ನಿಮಿಷದ ಕೆಲಸ. ಅವರು ನೋಡುವುದು ಮೊದಲ ಸಾಲನ್ನು. ಪುಟದ ಕೊನೆಯ ಸಾಲನ್ನು ನೋಡುವವರು ದಿನಾ ಬರೆಯುವವರು. ಅದರಲ್ಲೂ ಸಮುದ್ರದ ಬದಿಯ ಸೆಕೆಯ ಊರಿನಲ್ಲಿ ಬರೆಯುವವರು. ಚೆನ್ನೈನವರಿಗೆ ಇದು ಹೊಳೆದದ್ದು ಸುಮ್ನೆ ಅಲ್ಲ.

ಬಳಗದಲ್ಲಿ ಎಲ್ಲ ಸಲಹೆಯೂ ಹೀಗೆ ಇರುವುದಿಲ್ಲ. ಪೆನ್ನು ಬಿಟ್ಟುಬಿಟ್ಟು ಬರೆಯುತ್ತದೆ ಅಂದ ನನ್ನ ಪ್ರಶ್ನೆಗೇ ಒಬ್ಬರು ನಿಬ್ಬನ್ನು ಉಗುರು ಉಜ್ಜುವ ಪಟ್ಟಿಯ ಮೇಲೆ ಎಂಟಿನಾಕಾರದಲ್ಲಿ ಉಜ್ಜಿ ಅಂದಿದ್ದರು. ನಾನು ಓದುವಷ್ಟರಲ್ಲಿ ಅವರನ್ನು ತಡೆದವರು ಮೂರ್ನಾಲ್ಕು ಜನ. ನಿಬ್ಬಿನ ತುದಿಯಲ್ಲಿ ಗಟ್ಟಿ ಲೋಹದ ಒಂದು ಕಾಳು ಬೆಸೆದಿರುತ್ತಾರೆ. ಅದು ಸಾಸಿವೆಗಿಂತ ಎಷ್ಟೋ ಚಿಕ್ಕದು. ಒಮ್ಮೆ ಸವೆಸಿದರೆ ಮತ್ತೆ ಬರುವುದಿಲ್ಲ. ಉಜ್ಜುವುದು ಎಲ್ಲಕ್ಕಿಂತ ಕೊನೆಯ ಉಪಾಯ, ಅದೂ ಕೈ ಪಳಗಿದವರಿಂದ. ಈ ವಾದ ಸ್ವಲ್ಪ ಹೊತ್ತು ನಡೆಯಿತು. ವಾದ ಎಲ್ಲರ ಎದುರಿಗೆ ನಡೆಯುವುದು ನನಗೆ ಒಳ್ಳೆಯದೇ ಅನಿಸುತ್ತದೆ. ತಪ್ಪು ಮಾತನ್ನು ಇನ್ನೊಬ್ಬರು ಅಲ್ಲೇ ಹಿಡಿಯುತ್ತಾರೆ. ಖಾಸಗಿಯಾಗಿ ಸಂದೇಶ ಕಳಿಸಿ ಸಲಹೆ ಕೊಡುವವರ ವಿಷಯದಲ್ಲಿ ಮಾತ್ರ ಹುಷಾರು. ಅಲ್ಲಿ ತಿದ್ದುವವರು ಇರುವುದಿಲ್ಲ. ಕೆಲವರು ತಾವೇ ಪೆನ್ನು ಮಾರುವವರಾಗಿರುತ್ತಾರೆ. ಹಣ ಜಾಸ್ತಿ ಹಾಕಿದರೆ ಎಲ್ಲ ಸರಿಹೋಗುತ್ತದೆ, ಚಿನ್ನದ ನಿಬ್ ತಗೊಳ್ಳಿ ಅನ್ನುವವರೂ ಸಿಗುತ್ತಾರೆ. ಚಿನ್ನದ ನಿಬ್ಬೂ ಬೆವರಿನ ಜಿಡ್ಡಿನ ಮೇಲೆ ಬರೆಯುವುದಿಲ್ಲ.

ಪೆನ್ನಿನ ಕೊರತೆಗಳನ್ನೂ ಹೇಳಬೇಕು. ಮುಚ್ಚಳ ಸುತ್ತಿ ಸುತ್ತಿ ತೆಗೆಯಬೇಕು. ಒಂದು ನೋಟ್‌ಬುಕ್ಕಿನಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲ ಮುಚ್ಚಿ ತೆಗೆಯುವುದು ಬೇಸರ. ತೆರೆದಿಟ್ಟರೆ ಫ್ಯಾನಿನ ಗಾಳಿಗೆ ನಿಬ್ ಒಣಗುತ್ತದೆ. ಕ್ಲಿಪ್ ಇಲ್ಲದ ಕಾರಣ ಇಳಿಜಾರು ಮೇಜಿನಲ್ಲಿ ಉರುಳುತ್ತದೆ.

ಮಸಿ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದಾಗ ಇನ್ನೊಂದು ತೊಂದರೆ. ಹೊಟ್ಟೆಯಲ್ಲಿ ಗಾಳಿ ಜಾಸ್ತಿ ಆಗಿರುತ್ತದೆ. ಕೈಯ ಕಾವಿಗೆ ಆ ಗಾಳಿ ಹಿಗ್ಗಿ ಮಸಿಯನ್ನು ಹೊರಗೆ ತಳ್ಳುತ್ತದೆ, ನಿಬ್ಬಿನಿಂದ ದೊಡ್ಡ ಹನಿ ಬೀಳುತ್ತದೆ. ಎಬೊನೈಟ್ ಕಾವನ್ನು ಬೇಗ ಒಳಗೆ ಬಿಡುವುದಿಲ್ಲ, ಹಾಗಾಗಿ ಲೋಹದ ಪೆನ್ನಿಗಿಂತ ಇದರಲ್ಲಿ ಕಡಿಮೆ. ಆದರೂ ಇದೆ. ಮಸಿ ಖಾಲಿಯಾಗುವವರೆಗೆ ಕಾಯದೆ ತುಂಬಿಸಿಕೊಳ್ಳುವುದು ಒಂದೇ ದಾರಿ. ಲೋಕಲ್ ರೈಲಿನಲ್ಲಿ ಒಯ್ಯುವಾಗ ನಿಬ್ ಮೇಲ್ಮುಖವಾಗಿ ಇರಲಿ. ಬೆಳಗಿನ ಡೊಂಬಿವಲಿ ಪ್ಲಾಟ್‌ಫಾರ್ಮಿನ ನೂಕುನುಗ್ಗಲಲ್ಲಿ ಚೀಲ ಯಾವ ಸ್ಥಿತಿಗೆ ಬರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಾನು ಪೆನ್ನನ್ನು ಮುಚ್ಚಳ ಇರುವ ಉಕ್ಕಿನ ಡಬ್ಬಿಯಲ್ಲಿ, ಹಳೆಯ ಹತ್ತಿ ಬಟ್ಟೆ ಸುತ್ತಿ ಒಯ್ಯುತ್ತೇನೆ. ಇಲ್ಲಿಯವರೆಗೆ ಚೀಲಕ್ಕೆ ಕಲೆ ಹತ್ತಿಲ್ಲ.

ಬ್ಯಾಂಕಿನಲ್ಲಿ ಒಂದು ಸಹಿ, ಮಾರುಕಟ್ಟೆಯಲ್ಲಿ ಒಂದು ಚೀಟಿ, ಇಷ್ಟೇ ಬರೆಯುವವರು ಇದನ್ನು ತಗೊಳ್ಳಬೇಡಿ. ತೊಳೆಯುವ ತಾಳ್ಮೆ ಇಲ್ಲದವರಿಗೂ ಬೇಡ. ಪುಟಗಟ್ಟಲೆ ಬರೆಯುವವರು, ಕೈ ನೋವಿನವರು, ಕನ್ನಡದ ದುಂಡು ಅಕ್ಷರ ಪ್ರೀತಿಸುವವರು ಖಂಡಿತ ನೋಡಿ. ಅಂಗಡಿಯಲ್ಲಿ ನಿಮ್ಮ ಕಾಗದದ ಮೇಲೆ ಬರೆದು ನೋಡಲು ಬಿಡದಿದ್ದರೆ ಬೇರೆ ಅಂಗಡಿಗೆ ಹೋಗಿ.

ನಿಬ್ ಯೂನಿಟ್ ಬಿಚ್ಚಲು ಬರುವುದರಿಂದ ಮೊನ್ನೆ ಒಂದು ಇಎಫ್ ಯೂನಿಟ್ ತರಿಸಿದೆ. ನುಣುಪು ಕಾಗದದಲ್ಲಿ ಪತ್ರ ಬರೆಯಲು ಅದನ್ನು ಹಾಕುತ್ತೇನೆ. ಅಲ್ಲಿ ಅದು ಗೀರುವುದಿಲ್ಲ. ಮಕ್ಕಳ ತಪ್ಪು ತಿದ್ದಲು ಒಂದು ಕೆಂಪು ಮಸಿ ಬೇಕಿತ್ತು, ಒದ್ದೆಯಾದರೂ ಅಳಿಯಬಾರದು. ಬಳಗದಲ್ಲಿ ಕೇಳಿದ್ದೇನೆ. ಇಬ್ಬರು ಪಿಗ್ಮೆಂಟ್ ಮಸಿ (ನೀರಿನಲ್ಲಿ ಕರಗದ ಬಣ್ಣದ ಪುಡಿ ಇರುವ ಮಸಿ) ಸೂಚಿಸಿದರು, ವಾರಕ್ಕೊಮ್ಮೆ ತೊಳೆಯಲೇಬೇಕು ಅಂತ ಎಚ್ಚರಿಸಿದರು. ಆಂಧ್ರದ ಹಿರಿಯರು ಮಾತ್ರ, "ಅಮ್ಮಾ, ಅದಕ್ಕೆ ಇನ್ನೊಂದು ಪೆನ್ನು ಯಾಕೆ? ಕೆಂಪು ಪೆನ್ಸಿಲ್ ಸಾಕು, ನೀರಿಗೆ ಹೋಗುವುದಿಲ್ಲ" ಅಂದರು. ಭಾನುವಾರದ ತರಗತಿಗೆ ಕೆಂಪು ಪೆನ್ಸಿಲ್ ತಂದಿಟ್ಟಿದ್ದೇನೆ.